ಟಾಮಿ ಲಾಟನ್ ಗೋಲುಗಳ ಪಟ್ಟಿ: ಯುದ್ಧದ ವರ್ಷಗಳಿಗೆ ಬಂದೆ

ಇಂಗ್ಲೆಂಡಿನ ಫುಟ್‌ಬಾಲ್ ಸೆಂಟರ್ ಫಾರ್ವರ್ಡ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಟಾಮಿ ಲಾಟನ್ ಅವರ ಆಟವನ್ನೆಲ್ಲ ಸೀಸನ್ ಪ್ರಕಾರ ಒಂದು ಎಕ್ಸೆಲ್ ಶೀಟಿನಲ್ಲಿ ಕೂಡಿಸುತ್ತಿದ್ದೇನೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಭಾಗ ಮುಗಿಯಿತು. ಅದು ಸಲೀಸು. 1936ರಲ್ಲಿ ಬರ್ನ್‌ಲಿ ತಂಡಕ್ಕೆ ಮೊದಲ ಸಲ ಆಡಿದಾಗ ವಯಸ್ಸು ಬರೀ 16. ಹದಿನೇಳು ತುಂಬಿ ನಾಲ್ಕೇ ದಿನಕ್ಕೆ ಟಾಟನ್‌ಹ್ಯಾಮ್ ವಿರುದ್ಧ ಹ್ಯಾಟ್ರಿಕ್! ಆ ಚಳಿಗಾಲದಲ್ಲೇ ಎವರ್ಟನ್ 6,500 ಪೌಂಡ್ ಕೊಟ್ಟು ಕರೆಸಿಕೊಂಡಿತು. ಎವರ್ಟನ್‌ನ ಹೆಸರಾಂತ ಗೋಲುಗಾರ ಡಿಕ್ಸಿ ಡೀನ್ ಇನ್ನೂ ಅಲ್ಲೇ ಇದ್ದರು, ಅಂಥವರ ಜಾಗಕ್ಕೆ ಈ ಹುಡುಗ. 1937-38ರಲ್ಲಿ ಲೀಗ್‌ನಲ್ಲಿ 28 ಗೋಲು, ಮರುವರ್ಷ 34, ಎವರ್ಟನ್ ಚಾಂಪಿಯನ್. ಇಂಗ್ಲೆಂಡ್ ಪರ ಆಡಿದ ಮೊದಲ ಆರು ಪಂದ್ಯಗಳಲ್ಲೂ ಗೋಲು.

ಇಲ್ಲಿಂದ ಮುಂದೆ ಶೀಟ್ ಖಾಲಿ ಹೊಡೆಯುತ್ತದೆ. 1939-40ರ ಸೀಸನ್ ಶುರುವಾಗಿ ಎವರ್ಟನ್ ಮೂರು ಪಂದ್ಯ ಆಡಿತ್ತು, ಲಾಟನ್ ಅಷ್ಟರಲ್ಲೇ ನಾಲ್ಕು ಗೋಲು ಹೊಡೆದಿದ್ದರು. ಸೆಪ್ಟೆಂಬರ್ 3ಕ್ಕೆ ಯುದ್ಧ ಘೋಷಣೆ. ಲೀಗ್ ನಿಂತಿತು, ಆ ಮೂರು ಪಂದ್ಯಗಳನ್ನೂ ದಾಖಲೆಯಿಂದ ತೆಗೆದುಹಾಕಿದರು. ಆಮೇಲೆ ಲೀಗ್ ಮತ್ತೆ ಶುರುವಾಗಿದ್ದು 1946ರಲ್ಲಿ. ಸ್ಟ್ರೈಕರ್ ಒಬ್ಬನಿಗೆ 20ರಿಂದ 26 ಅಂದರೆ ಕಾಲಲ್ಲಿ ಕಸುವು ತುಂಬಿರುವ ವಯಸ್ಸು ಅಲ್ವಾ? ಅಧಿಕೃತ ಲೆಕ್ಕ ನೋಡಿದರೆ ಅವರು ಆಗ ಆಡಲೇ ಇಲ್ಲ ಅನ್ನಿಸುತ್ತದೆ.

ಆದರೆ ಆಡಿದ್ದರು, ಸಿಕ್ಕಾಪಟ್ಟೆ ಆಡಿದ್ದರು. ಸೈನ್ಯದಲ್ಲಿ ದೈಹಿಕ ತರಬೇತಿ ಕೊಡುವ ಕೆಲಸ, ಬಿಡುವಿದ್ದಾಗ ಮ್ಯಾಚು. ಎವರ್ಟನ್‌ಗೆ ಯುದ್ಧಕಾಲದ 114 ಪಂದ್ಯಗಳಲ್ಲಿ 152 ಗೋಲು. ಆಗ ಆಟಗಾರರು ತಾವಿರುವ ಊರಿನ ಹತ್ತಿರದ ತಂಡಕ್ಕೆ ಅತಿಥಿಯಾಗಿ ಆಡಬಹುದಿತ್ತು, ಹಾಗಾಗಿ ಟ್ರ್ಯಾನ್‌ಮಿಯರ್, ಆಲ್ಡರ್‌ಶಾಟ್ ಹೆಸರುಗಳೂ ಶೀಟಿಗೆ ಬಂದವು. 1940ರ ಕ್ರಿಸ್‌ಮಸ್ ದಿನ ಬೆಳಿಗ್ಗೆ ಲಿವರ್‌ಪೂಲ್ ತಂಡದ ಮೈದಾನ ಆನ್‌ಫೀಲ್ಡ್‌ನಲ್ಲಿ ಎವರ್ಟನ್‌ಗೆ ಆಡಿ, ಮಧ್ಯಾಹ್ನ ಕ್ರೂ ಎಂಬ ಊರಿಗೆ ಹೋಗಿ ಟ್ರ್ಯಾನ್‌ಮಿಯರ್‌ಗೆ ಆಡಿದ್ದಾರೆ. ಒಂದೇ ತಾರೀಖಿಗೆ ಎರಡು ಸಾಲು ಹಾಕಬೇಕಾಯಿತು, ಖುಷಿಯಿಂದ ಹಾಕಿದೆ.

ಇವನ್ನು ಲೀಗ್ ಗೋಲುಗಳ ಜೊತೆ ಕೂಡಿಸಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ಬೇಡ ಅಂತ ತೀರ್ಮಾನಿಸಿದೆ. ವಾರದಿಂದ ವಾರಕ್ಕೆ ತಂಡಗಳು ಬದಲಾಗುತ್ತಿದ್ದವು, ಎದುರಾಳಿ ಯಾರು ಸಿಕ್ಕರೋ ಅವರನ್ನು ಇಳಿಸುತ್ತಿದ್ದರು, ಹಾಗಿರುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸರಿಹೋಗಲ್ಲ. ಖಾಲಿ ಬಿಡುವುದಂತೂ ಅನ್ಯಾಯ. ಅದಕ್ಕೇ ಬೇರೆ ಕಾಲಂ, ಬೇರೆ ಬಣ್ಣ.

ದೇಶದ ಪರ ಆಡಿದ್ದಕ್ಕೆ ಮಾತ್ರ ನಾನು ಒಟ್ಟು ಮೊತ್ತವನ್ನೂ ತೋರಿಸುತ್ತೇನೆ. 1943ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಮೇನ್ ರೋಡ್ ಮೈದಾನದಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡನ್ನು 8-0 ಸೋಲಿಸಿತು, ಅದರಲ್ಲಿ ನಾಲ್ಕು ಲಾಟನ್ ಅವರದು. ಬಲಗಡೆ ಸ್ಟ್ಯಾನ್ಲಿ ಮ್ಯಾಥ್ಯೂಸ್, ಹಿಂದೆ ಕಲಿಸ್, ಮರ್ಸರ್. ಇದನ್ನು ಸುಮ್ನೆ ಅಭ್ಯಾಸ ಪಂದ್ಯ ಅನ್ನೋಕೆ ಆಗುತ್ತಾ? ಅಧಿಕೃತವಾಗಿ 23 ಪಂದ್ಯ, 22 ಗೋಲು. ಯುದ್ಧಕಾಲದ್ದು 23 ಪಂದ್ಯ, 24 ಗೋಲು. ಕೂಡಿಸಿದರೆ 46ಕ್ಕೆ 46. ಈ ಸಾಲನ್ನು ಶೀಟಿನ ಮೇಲ್ಗಡೆಯೇ ಇಟ್ಟಿದ್ದೇನೆ.

1945ರ ಕೊನೆಗೆ ಚೆಲ್ಸಿ ಸೇರಿದ್ದು, ಕೆಲವೇ ದಿನಗಳಲ್ಲಿ ಡೈನಮೊ ಮಾಸ್ಕೋ ಜೊತೆ 3-3 ಡ್ರಾ ಆದ ಮ್ಯಾಚಿನಲ್ಲಿ ಗೋಲು ಹೊಡೆದದ್ದು, 1946-47ರ 26 ಲೀಗ್ ಗೋಲು, ಲಿಸ್ಬನ್‌ನಲ್ಲಿ ಪೋರ್ಚುಗಲ್ ವಿರುದ್ಧದ 10-0ರಲ್ಲಿ ನಾಲ್ಕು, ಇಷ್ಟೂ ತುಂಬಿಸಿದ್ದಾಗಿದೆ. ಲೀಗ್ ಮೊತ್ತ ತಾಳೆಯಾಗುತ್ತಿದೆ: ಆರು ಕ್ಲಬ್, 390 ಪಂದ್ಯ, 231 ಗೋಲು.

ಮುಂದಿನ ಸಲ ನಾಟ್ಸ್ ಕೌಂಟಿ ಕ್ಲಬ್. 1947ರಲ್ಲಿ 20,000 ಪೌಂಡ್‌ನ ಬ್ರಿಟಿಷ್ ದಾಖಲೆ ಮೊತ್ತಕ್ಕೆ ಮೂರನೇ ಡಿವಿಷನ್‌ಗೆ ಇಳಿದ ಮೇಲೂ ಅವರು ಇಂಗ್ಲೆಂಡ್ ತಂಡದಲ್ಲಿ ಆಡಿದ್ದಾರೆ. ಆ ಪಂದ್ಯಗಳಿಗೂ ಒಂದು ಗುರುತು ಹಾಕಬೇಕು.