ಲಂಚಾವತಾರಕ್ಕೆ ಮೂರು ಟಿಕೆಟ್ಟು

ನಾಟಕದ ಮಾಸ್ಟರ್ ಹಿರಣ್ಣಯ್ಯ ತೀರಿಕೊಂಡರು ಅಂತ 2019ರ ಮೇ 2ರಂದು ಟಿವಿಯಲ್ಲಿ ಬರುತ್ತಿತ್ತು. ಅಮ್ಮ ಅಡುಗೆಮನೆಯಿಂದಲೇ ಕೇಳಿದಳು: “ಆ ಟಿಕೆಟ್ ದುಡ್ಡು ನೆನಪಿದೆಯೇನೋ?”

ಮರೆಯೋದುಂಟೆ! 1980ರ ದಶಕದ ಕೊನೆ, ನಾನು ಏಳನೇ ಕ್ಲಾಸು. ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಊರಿಗೆ ಅವರ ನಾಟಕ ಕಂಪನಿ ಹಿರಣ್ಣಯ್ಯ ಮಿತ್ರ ಮಂಡಳಿ ಬರುತ್ತೆ ಅಂತ ಆಟೋಗೆ ಮೈಕು ಕಟ್ಟಿಕೊಂಡು ಕೂಗಿದ ಎರಡು ದಿನಕ್ಕೆ ಸಿಮೆಂಟ್ ಅಂಗಡಿಯವರು ಮನೆಗೆ ಬಂದು ಮೂರು ಟಿಕೆಟ್ ಇಟ್ಟು ಹೋದರು. ಮುಂದಿನ ಸಾಲು. ಅವರದೊಂದು ಫೈಲು ಅಪ್ಪನ ಮೇಜಿನ ಮೇಲಿತ್ತಂತೆ. ನಾಟಕ ಯಾವುದು ಅಂತೀರಾ? ‘ಲಂಚಾವತಾರ’. ಇದರ ಮಜಾ ಆಗ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಥೆ ಒಂದು ಕಡೆ ನಡೆಯುತ್ತಿತ್ತು. ಹಿರಣ್ಣಯ್ಯ ಇದ್ದಕ್ಕಿದ್ದಂತೆ ಅದನ್ನು ಅಲ್ಲೇ ಬಿಟ್ಟು ರಂಗದ ಅಂಚಿಗೆ ಬಂದು ನಿಂತುಬಿಡೋರು. ಆಮೇಲೆ ಆವತ್ತಿನ ಪೇಪರು, ಆವತ್ತಿನ ಮಂತ್ರಿ, ಕಿತ್ತುಹೋದ ರಸ್ತೆ. ಉಸಿರೆಲ್ಲಿ ತೆಗೆದುಕೊಳ್ಳುತ್ತಾರೆ ಅಂತಲೇ ತಿಳಿಯದು. ಜನ ನಕ್ಕು ಮುಗಿಸುವ ಮೊದಲೇ ಇನ್ನೊಂದು ಏಟು. ಹತ್ತು ಸಾವಿರ ಪ್ರಯೋಗ ದಾಟಿದ ನಾಟಕ ಅನ್ನುತ್ತಾರೆ. ಎರಡು ಸಲ ಒಂದೇ ಥರ ಆಡಿರಲಾರರು.

ನಮ್ಮ ಸಾಲಲ್ಲಿ ಕೂತವರೆಲ್ಲ ಸಾಹೇಬರುಗಳೇ. ಅವರದೇ ಜೋರು ನಗು. ಅಪ್ಪನೂ ಮೊದಮೊದಲು ತೊಡೆ ತಟ್ಟಿಕೊಂಡು ನಕ್ಕರು. ಮಧ್ಯಂತರ ಆದಮೇಲೆ ನೋಡುತ್ತೇನೆ, ಚೌಕುಳಿ ಕರ್ಚೀಫಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದಾರೆ. ಒರೆಸಿದ್ದೇ ಒರೆಸಿದ್ದು. ಹಿರಣ್ಣಯ್ಯ ನಮ್ಮ ಸಾಲಿನ ಕಡೆ ತಿರುಗಿದಾಗಲೆಲ್ಲ ಹಿಂದಿನ ಬೆಂಚುಗಳಿಂದ ಶಿಳ್ಳೆ. ಅಪ್ಪ ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ.

ಹಿರಣ್ಣಯ್ಯನವರ ಹಿಂದಿನ ಕಥೆಯನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. 1934ರಲ್ಲಿ ಮೈಸೂರಲ್ಲಿ ಹುಟ್ಟಿದ ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ದೊಡ್ಡ ನಟ. 1953ರಲ್ಲಿ ಅವರು ಹೋದಾಗ ಮಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಪ್ಪನ ಹೆಸರೂ ಹೆಗಲಿಗೆ, ಕಂಪನಿಯೂ ಹೆಗಲಿಗೆ. ಸಿನಿಮಾ, ಧಾರಾವಾಹಿಗಳಲ್ಲೂ ಮಾಡಿದರು, ನೋಡಿದ್ದೇನೆ. ಆದರೆ ಬರೆದುಕೊಟ್ಟ ನಾಲ್ಕು ಸಾಲು ಹೇಳಿ ಸುಮ್ಮನಾಗುವ ಹಿರಣ್ಣಯ್ಯ ನನಗೆ ಅರ್ಧ ಹಿರಣ್ಣಯ್ಯನೇ.

ಆ ರಾತ್ರಿ ಮನೆವರೆಗೂ ಅಪ್ಪ ತುಟಿ ಬಿಚ್ಚಲಿಲ್ಲ. ಅಮ್ಮ ಮಾತ್ರ ಬೀಗ ತೆಗೆಯುತ್ತಾ, “ಚೆನ್ನಾಗಿತ್ತು ಅಲ್ವೇನ್ರೀ?” ಅಂದಳು. ಬೇಕಂತಲೇ ಅಂದಿದ್ದು.

ಬೆಳಿಗ್ಗೆ ಸ್ಕೂಲಿಗೆ ಹೊರಟವನ ಕೈಗೆ ಅಪ್ಪ ಮೂರು ಟಿಕೆಟ್ಟಿನ ದುಡ್ಡು ಎಣಿಸಿಕೊಟ್ಟು, ಸಿಮೆಂಟ್ ಅಂಗಡಿಗೆ ಕೊಟ್ಟು ಹೋಗು ಅಂದರು. ತಿಂಗಳ ಕೊನೆ, ಎಲ್ಲ ಮಾಸಿದ ಎರಡರ, ಐದರ ನೋಟು. ಅಂಗಡಿಯವರು ನೋಟು ನೋಡಿದರು, ನನ್ನ ನೋಡಿದರು, ಹೊಟ್ಟೆ ಕುಲುಕಿಸಿ ನಕ್ಕರು. ದುಡ್ಡನ್ನು ನನ್ನ ಜೇಬಿಗೇ ತುರುಕಿ, “ರಾತ್ರಿ ನಾಟಕ ನೋಡವ್ರಲ್ಲಪ್ಪ, ಹಂಗೇ ಆಗ್ತದೆ. ನಾನೂ ಹೋದ ಸಲ ನೋಡ್ದಾಗ ಒಂದು ವಾರ ತೂಕ ಸರಿಯಾಗಿ ಹಾಕಿದ್ದೆ” ಅಂದರು.