ಗಾರೆಯ ಜೊತೆ ಒಂದು ಭಾನುವಾರ

ಹಳೆ ಇಟ್ಟಿಗೆ ಗೋಡೆಯ ಸಂದಿಗಳಿಂದ ಗಾರೆ ಕೆರೆದು ತೆಗೆಯಲು ಇವತ್ತು ಡ್ರಿಲ್‌ಗೆ ಹೊಸ ಬಿಟ್ ಹಾಕಿದೆ. ಮೊದಲು ಕತ್ತರಿಸುವ ಗ್ರೈಂಡರ್ ಹಿಡಿದಿದ್ದೆ. ಅಡ್ಡ ಸಂದಿಗಳಲ್ಲಿ ಸಲೀಸು. ಆದರೆ ನಿಂತ ಸಂದಿಗೆ ಬಂದಾಗ ಬ್ಲೇಡು ಮೇಲಿನ ಇಟ್ಟಿಗೆಯನ್ನೂ ಕಚ್ಚಿತು! ಈ ಬಿಟ್ ಸಣ್ಣದು, ಬದಿಯಿಂದ ಕೊರೆಯುತ್ತದೆ. ಕಲ್ಲಿನ ಗೋಡೆಯ ಸೊಟ್ಟ ಸಂದಿಗೂ ಆಗುತ್ತದೆ. ಡ್ರಿಲ್‌ನ ಹ್ಯಾಮರ್ (ಬಡಿಯುವ ಮೋಡ್) ಮಾತ್ರ ಆಫ್ ಇರಬೇಕು, ಇಲ್ಲದಿದ್ದರೆ ಇಟ್ಟಿಗೆಯ ಅಂಚು ಚಕ್ಕೆ ಏಳುತ್ತದೆ. 10 ಮಿಮೀ ಅಗಲದ ಸಂದಿಗೆ 20 ಮಿಮೀ ಆಳ ತೆಗೆದೆ.

ಸುಣ್ಣದ ಗಾರೆ ಸುಲಭವಾಗಿ ಬಂತು. ಯಾರೋ ಮಧ್ಯೆ ಸಿಮೆಂಟ್ ಮೆತ್ತಿದ್ದ ಕಡೆ ಒದ್ದಾಟ. ವಿಚಿತ್ರ ಅಂದರೆ, ಇಟ್ಟಿಗೆ ಜಾಸ್ತಿ ಹಾಳಾಗಿದ್ದೂ ಅಲ್ಲೇ. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಒಳಗಿನ ತೇವ ಹೊರಗೆ ಹೋಗೋಕೆ ಮೆತ್ತನೆ ಗಾರೆಯೇ ದಾರಿ ಅಲ್ವಾ?

ಮಾಸ್ಕ್ ಹಾಕಿದ್ದೆ, ಸರಿ. ತಲೆಗೆ ಏನೂ ಕಟ್ಟಿರಲಿಲ್ಲ. ಒಂದೇ ದಿನದಲ್ಲಿ ಕೂದಲು ನರೆತಿದೆ.