ಕುಮಾರ ಪರ್ವತಕ್ಕೆ ಕಪ್ಪು-ಬಿಳುಪು ಫೋಟೋ ತೆಗೆಯಲು ಹೊರಟವರಿಗೆ

ಕುಮಾರ ಪರ್ವತದ ತುದಿಯಲ್ಲಿ ರಾತ್ರಿ ಟೆಂಟ್ ಹಾಕಲು ಬಿಡುವುದಿಲ್ಲ. ಹಾಗಾಗಿ ಸೂರ್ಯ ಹುಟ್ಟುವಾಗಲೂ ಮುಳುಗುವಾಗಲೂ ನೀವು ಮೇಲಿರುವುದಿಲ್ಲ. ಕುಕ್ಕೆಯಿಂದ ಹತ್ತಿದರೆ 1712 ಮೀಟರ್ ಎತ್ತರದ ಆ ತುದಿ ಮುಟ್ಟುವಾಗ ಸುಡು ಮಧ್ಯಾಹ್ನ. ಬಣ್ಣವೆಲ್ಲ ಬಿಳಚಿಕೊಂಡಿರುತ್ತದೆ. ಜೊತೆಗಿದ್ದವರು ಕ್ಯಾಮೆರಾ ಚೀಲಕ್ಕೆ ಹಾಕಿಬಿಟ್ಟರು. ನನಗೆ ಒಳ್ಳೆಯ ಚಿತ್ರಗಳು ಸಿಕ್ಕಿದ್ದೇ ಆ ಹೊತ್ತಿನಲ್ಲಿ. ಮೋಡದ ನೆರಳು ಗುಡ್ಡದ ಮೇಲೆ ಹರಿದಾಡುವಾಗ ಕಪ್ಪು-ಬಿಳುಪಿಗೆ ಬೇಕಾದ್ದೆಲ್ಲ ಅಲ್ಲಿರುತ್ತದೆ.

ಕುಕ್ಕೆಯಲ್ಲಿ ಕೋಣೆ ಮಾತ್ರ ತೆಗೆದುಕೊಳ್ಳಬೇಡಿ. ರಾತ್ರಿ ಬಸ್ಸಿನವರು ನಸುಕಿನಲ್ಲಿ ಇಳಿಸುತ್ತಾರೆ. ಸ್ನಾನಕ್ಕೆ ಎರಡು ಗಂಟೆ ಸಾಕು ಎಂದು ಕೇಳಿದರೂ ನಮ್ಮಿಂದ ಇಡೀ ದಿನದ ಬಾಡಿಗೆ, 1800 ರೂಪಾಯಿ ಕಿತ್ತುಕೊಂಡರು. ಬಿಸಿನೀರು ಇದೆ ಎಂದಿದ್ದರು, ಬರಲಿಲ್ಲ. ಹಾಸಿಗೆ ಒದ್ದೆ ವಾಸನೆ. ವಾಪಸ್ ಕೇಳಿದರೆ ರಜೆ ದಿನ ಎಂಬ ಉತ್ತರ. ಈಗಲೂ ಸಿಟ್ಟು ಬರುತ್ತದೆ. ಕುಮಾರಧಾರಾ ಸ್ನಾನಘಟ್ಟದಲ್ಲಿ ಮಿಂದು ಹೊರಡಿ. ಶನಿವಾರ, ಭಾನುವಾರ ಬೇಡವೇ ಬೇಡ. ಜನರ ಸಾಲು ಚೌಕಟ್ಟಿನೊಳಗೆ ಬಂದುಬಿಡುತ್ತದೆ, ಅದನ್ನು ನಾನಂತೂ ಸಹಿಸಲಾರೆ.

ಗಿರಿಗದ್ದೆಯವರೆಗೆ ದಟ್ಟ ಕಾಡು. ಅಲ್ಲಿ ಎಲ್ಲವೂ ಹಸಿರು, ಕಪ್ಪು-ಬಿಳುಪಿನಲ್ಲಿ ಎಲ್ಲವೂ ಒಂದೇ ಬೂದಿ ಬಣ್ಣ. ಬೇರು, ಕಾಂಡ ಹುಡುಕಿ, ಇಲ್ಲದಿದ್ದರೆ ಸುಮ್ನೆ ನಡೆಯಿರಿ.

ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯಲ್ಲಿ ಮಾತ್ರ ಅವಸರ ಬೇಡ. ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ, ಅಷ್ಟೇ. ಆದರೆ ಹೊಟ್ಟೆ ತುಂಬುವ ತನಕ ಬಡಿಸುತ್ತಾರೆ. ಅಕ್ಕಿ, ಬೇಳೆ ಎಲ್ಲ ಈ ಗುಡ್ಡದ ಮೇಲಕ್ಕೆ ಬರಬೇಕು, ಅದನ್ನು ನೆನೆದರೆ ಕೊಡುವ ದುಡ್ಡು ಏನೂ ಅಲ್ಲ. ಸಾಂಬಾರಿಗೆ ಖಾರ ಹದ, ಮಜ್ಜಿಗೆ ತಣ್ಣಗೆ. ಮೂರನೇ ಸಲ ಅನ್ನ ಕೇಳಿದಾಗಲೂ ಮುಖ ಸಿಂಡರಿಸಲಿಲ್ಲ. ಕೆಳಗೆ ಕೋಣೆಯವರ ಕೈಯಲ್ಲಿ ನೊಂದಿದ್ದ ಮನಸ್ಸು ಅಲ್ಲಿ ಸರಿಹೋಯಿತು. ಬರುತ್ತೇವೆಂದು ಮೊದಲೇ ಫೋನ್ ಮಾಡಿ ತಿಳಿಸಿ. ತಟ್ಟೆ ನೀವೇ ತೊಳೆದಿಡಿ.

ಅರಣ್ಯ ಇಲಾಖೆಯ ತಪಾಸಣೆ ದಾಟಿದ ಮೇಲೆ ಹುಲ್ಲುಗಾವಲು. ನಮ್ಮ ಕೆಲಸ ಶುರುವಾಗುವುದು ಇಲ್ಲಿಂದ. ಮಳೆ ನಿಂತು ಕೆಲವು ವಾರ ಕಳೆದರೆ ಹುಲ್ಲು ಹಳದಿಗೆ ತಿರುಗುತ್ತದೆ, ಶೋಲಾ, ಅಂದರೆ ಹುಲ್ಲುಗುಡ್ಡಗಳ ನಡುವಿನ ಕಣಿವೆಯ ಕಾಡು, ಹಸಿರಾಗಿಯೇ ಇರುತ್ತದೆ. ಕಣ್ಣಿಗೆ ಚೆಂದ, ಆದರೆ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಬಣ್ಣದ ಗಾಜು, ಇಲ್ಲದೆ ತೆಗೆದರೆ ಎರಡೂ ಬೆರೆತುಹೋಗುತ್ತವೆ. ಕಿತ್ತಳೆ ಫಿಲ್ಟರ್ ಹಾಕಿದರೆ ಹುಲ್ಲು ಬೆಳಗುತ್ತದೆ, ಕಾಡೂ ನೀಲಿ ಆಕಾಶವೂ ಕಪ್ಪಾಗುತ್ತವೆ. ಕೆಂಪು ಹಾಕಿದರೆ ಇನ್ನೂ ಗಾಢ. ಆದರೆ ಅದು ಹತ್ತಿರ ಹತ್ತಿರ 3 ಸ್ಟಾಪ್ ಬೆಳಕು ನುಂಗುತ್ತದೆ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಇಮ್ಮಡಿ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದ, ಸಮಾಧಾನವಾಗದೆ ಉಳಿದಿದ್ದ ಕೊನೆಯ ಪ್ಲೇಟಿಗೆ (ಆಗ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಹಲಗೆ) ಗಾಢ ಕೆಂಪು ಹಾಕಿದ. ಆಕಾಶ ಕಪ್ಪಾಗಿ ಬಂಡೆ ಎದ್ದು ನಿಂತಿತು.

ಡಿಜಿಟಲ್ ಇದ್ದವರು ಬಣ್ಣದ ಮಾಹಿತಿಯೆಲ್ಲ ಉಳಿಯುವ ರಾ ಫೈಲಿನಲ್ಲಿ ತೆಗೆಯಿರಿ, ಪರದೆಯನ್ನು ಮಾತ್ರ ಮಾನೋಕ್ರೋಮ್‌ಗೆ (ಕಪ್ಪು-ಬಿಳುಪಿಗೆ) ಇಡಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡುವಾಗ ಹಳದಿಯ ಹೊಳಪು ಏರಿಸಿ ನೀಲಿಯದು ಇಳಿಸಿದರೆ ಅದೇ ಪರಿಣಾಮ.

ಕಲ್ಲು ಮಂಟಪ ದಾಟಿ, ತುದಿಗೂ ಮೊದಲು ಸಿಗುವ ಶೇಷ ಪರ್ವತಕ್ಕೆ ಬಂದಾಗ ಮಂಜು ಕವಿಯಬಹುದು. ದೂರದ ನೀಲಿ ಮಬ್ಬನ್ನು ಕೆಂಪು ಫಿಲ್ಟರ್ ಸೀಳುತ್ತದೆ, ಈ ಬಿಳಿ ಮಂಜನ್ನಲ್ಲ. ಫಿಲ್ಟರ್ ತೆಗೆದಿಡಿ. ಕ್ಯಾಮೆರಾ ಮಂಜನ್ನು ಬೂದಿ ಬಣ್ಣ ಮಾಡಿಬಿಡುತ್ತದೆ, ಅದಕ್ಕೆ ಎಕ್ಸ್‌ಪೋಷರ್ (ಒಳಬಿಡುವ ಬೆಳಕು) 1 ಸ್ಟಾಪ್ ಏರಿಸಿ. ಒಂದು ಬದಿ ಪ್ರಪಾತ, ವ್ಯೂಫೈಂಡರಿಗೆ ಕಣ್ಣಿಟ್ಟು ಹಿಂದೆ ಹೆಜ್ಜೆ ಹಾಕಬೇಡಿ.

ನನ್ನನ್ನು ಕೇಳಿದರೆ ತುದಿಗಿಂತ ಶೇಷ ಪರ್ವತವೇ ಮೇಲು. ಸಮಯ ಕಡಿಮೆ ಇದ್ದರೆ ಅಲ್ಲಿಂದಲೇ ಹಿಂತಿರುಗಿ. ಟ್ರೈಪಾಡ್ ಬಿಟ್ಟು ಅದರ ಬದಲು ಇನ್ನೊಂದು ಬಾಟಲಿ ನೀರು ಹೊತ್ತುಕೊಳ್ಳಿ. ಕೆಳಗಿನ ಕಾಡಿನಲ್ಲಿ ಬೇಗ ಕತ್ತಲಾಗುತ್ತದೆ, ಟಾರ್ಚ್ ಚೀಲದ ಮೇಲಿನ ಜೇಬಿನಲ್ಲೇ ಇರಲಿ.